ಲೈಸೆನ್ಸ್ ನಮ್ಮದು, ಕೀಲಿ ಯಾರದು?



ಬರಹ ಸ್ವಲ್ಪ ಉದ್ದ ಐತಿ. ಆದರೂ ಪೂರ್ತಿ ಓದ್ರಿ. ಗುತ್ತಿಗೆದಾರಿಕೆ ಲೈಸೆನ್ಸ್ ಇದ್ದವರಂತೂ ಎರಡು ಸಲ ಓದ್ರಿ.

17.15 ಮತ್ತು 6.95. ಈ ಎರಡು ಅಂಕಿ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ನೂರಕ್ಕೆ 17.15, ಪರಿಶಿಷ್ಟ ಪಂಗಡದವರಿಗೆ 6.95 ಮೀಸಲು. ನಾವೆಲ್ಲ ಕೆಟಿಪಿಪಿ ಅಂತ ಕರೆಯೋ 1999ರ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯಿಂದ ಇದು ಬಂತು. ಮೊದಲು 50 ಲಕ್ಷದೊಳಗಿನ ಕಾಮಗಾರಿಗಷ್ಟೇ ಇತ್ತು, 2023ರಲ್ಲಿ ಆ ಮಿತಿ 1 ಕೋಟಿ ಆಯಿತು. 2 ಕೋಟಿಗೆ ಏರಿಸುವ ಮಸೂದೆಯನ್ನು 2025ರ ಮಾರ್ಚ್‌ನಲ್ಲಿ ಸದನ ಒಪ್ಪಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು.

ಇದು ಯಾರೋ ಕರುಣೆ ಬಂದು ಕೊಟ್ಟದ್ದಲ್ಲ. 1942ರಲ್ಲಿ ಬಾಬಾಸಾಹೇಬರು ವೈಸರಾಯ್ ಲಿನ್‌ಲಿತ್‌ಗೋಗೆ ಕೊಟ್ಟ ಮನವಿಯಲ್ಲೇ ಗುತ್ತಿಗೆಯ ಮಾತು ಐತಿ. ಕೇಂದ್ರ ಲೋಕೋಪಯೋಗಿ ಇಲಾಖೆಯ ಪಟ್ಟಿಯಲ್ಲಿದ್ದ ಸಾವಿರಕ್ಕೂ ಹೆಚ್ಚು ಗುತ್ತಿಗೆದಾರರಲ್ಲಿ ನಮ್ಮವರು ಒಬ್ಬರೇ ಅಂತ ಅವರು ಎಣಿಸಿ ತೋರಿಸಿದ್ದರು. ಮೊದಲು ಪಟ್ಟಿ ತಗೊಂಡು ಎಣಿಸು, ಆಮೇಲೆ ಕೇಳು. ನಾನು ಅವರಿಂದ ಕಲಿತದ್ದು ಇದು.

ನಾನು ಕಚೇರಿಯಲ್ಲಿ ಗುಮಾಸ್ತ. ದಿನಾ ಎಕ್ಸೆಲ್‌ನಲ್ಲೇ ಕೈ ಆಡ್ತದ. ಅದನ್ನೇ ಭಾನುವಾರ ನಮ್ಮ ಬಾಳೆಹೊಸೂರಿನ ಹುಡುಗರಿಗೆ ಬಳಸೋಣ ಅಂತ ಶುರು ಮಾಡಿದೆ. ಕಚೇರಿಯ ಕಾಗದ ಯಾವುದನ್ನೂ ಮುಟ್ಟೋದಿಲ್ಲ, ಅದರ ಅಗತ್ಯವೂ ಇಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್, ಅಂದರೆ ಕೆಪಿಪಿಪಿಯಲ್ಲಿ ಕರೆದ ಟೆಂಡರ್‌ಗಳನ್ನು ಯಾರು ಬೇಕಾದರೂ ನೋಡಬಹುದು. ಇಲಾಖೆ, ಊರು, ಕೆಲಸ, ಮೊತ್ತ, ಮೀಸಲು ಯಾರಿಗೆ, ಕೊನೆಯ ದಿನ ಯಾವುದು, ಹೀಗೆ ಆರು ಕಾಲಂ ಮಾಡ್ತೀನಿ. ಆಮೇಲೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವನ್ನು ಬೇರೆ ಮಾಡಿ, ಒಂದೊಂದು ಕೆಲಸಕ್ಕೆ ಒಂದೊಂದು ಸಾಲು ಕನ್ನಡದಲ್ಲಿ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ.

ಕೇಳೋದಕ್ಕೆ ಸುಲಭ. ಕೂತರೆ ಗೊತ್ತಾಗ್ತದ. ಲಕ್ಷ್ಮೇಶ್ವರ ಅನ್ನೋ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು 'ಎಕ್ಸ್' ಹಾಕಿ ಬರೀತಾರ, ಇನ್ನೊಬ್ಬರು 'ಕೆ, ಎಸ್' ಹಾಕ್ತಾರ, ಮತ್ತೊಬ್ಬರು ಕೊನೆಗೊಂದು 'ಎ' ಸೇರಿಸ್ತಾರ. ಒಂದೇ ರೀತಿ ಹುಡುಕಿದರೆ ಉಳಿದವು ಕಣ್ಣಿಗೇ ಬೀಳೋದಿಲ್ಲ. ಲಕ್ಷ್ಮೇಶ್ವರ ತಾಲ್ಲೂಕು ಆದದ್ದು ಈಚೆಗೆ, ಹಾಗಾಗಿ ಎಷ್ಟೋ ಕಡೆ ನಮ್ಮೂರು ಇನ್ನೂ ಶಿರಹಟ್ಟಿ ಹೆಸರಿನಲ್ಲೇ ಇರ್ತದ. ಅದಕ್ಕೇ ಎಲ್ಲ ಸ್ಪೆಲ್ಲಿಂಗ್‌ಗಳ ಪಟ್ಟಿ ಮಾಡಿಟ್ಟು, ಒಂದೊಂದನ್ನೂ ಹಾಕಿ ಹುಡುಕ್ತೀನಿ. ಅಲ್ಪಾವಧಿ ಟೆಂಡರ್ ಇದ್ದರಂತೂ ಒಂದು ವಾರ ತಡ ಆದರೆ ಮುಗೀತು.

ಹೀಗೆ ಕರೆದ ಟೆಂಡರ್ ನೋಡ್ತಾ ನೋಡ್ತಾ, ಮುಗಿದ ಟೆಂಡರ್ ಯಾರಿಗೆ ಹೋದವು ಅಂತಾನೂ ಬರೆದುಕೊಳ್ಳಾಕ ಹತ್ತಿದೆ. ಅಲ್ಲೇ ನಿಜವಾದ ಕಥೆ ಇರೋದು.

ಮೀಸಲು ಕೆಲಸಗಳ ಪಟ್ಟಿಯಲ್ಲಿ ನಮ್ಮ ಓಣಿಯ ಒಬ್ಬ ಗೌಂಡಿಯ ಹೆಸರು ಮೂರು ಸಲ ಬಂತು. ಎರಡು ಸಿಸಿ ರಸ್ತೆ, ಒಂದು ಚರಂಡಿ. ಖುಷಿಯಾಗಿ ಫೋನ್ ಹಚ್ಚಿದೆ. ಆ ಕಡೆ ಒಂದು ಗಳಿಗೆ ಮಾತೇ ಇಲ್ಲ.

'ಅಣ್ಣಾ, ನನ್ನ ಹೆಸರಿಗೆ ಮೂರು ಕೆಲಸ ಆಗ್ಯಾವೇನು?'

'ಆಗ್ಯಾವಲ್ಲೋ, ನಿನಗೇ ಗೊತ್ತಿಲ್ಲೇನು?'

'ಆ ಚರಂಡಿ ಕೆಲಸಕ್ಕ ನಾನ ಪಗಾರಿಗೆ ಹೋಗಿದ್ನಲ್ಲಣ್ಣಾ!'

ತನ್ನ ಹೆಸರಿನ ಗುತ್ತಿಗೆಯಲ್ಲೇ ಆತ ದಿನಗೂಲಿ ಮಾಡಿದ್ದ. ಲೈಸೆನ್ಸ್ ಮಾಡಿಸಿಕೊಟ್ಟದ್ದು ಒಬ್ಬ ದೊಡ್ಡ ಗುತ್ತಿಗೆದಾರ. ಖರ್ಚು ಆತನದೇ. ಡಿಜಿಟಲ್ ಸಹಿಯ ಟೋಕನ್ ಆತನ ಕಪಾಟಿನಲ್ಲಿ. ಪೋರ್ಟಲ್‌ನಲ್ಲಿ ಕೊಟ್ಟ ಮೊಬೈಲ್ ನಂಬರ್ ಆತನ ಮ್ಯಾನೇಜರನದು. ಬ್ಯಾಂಕಿನ ಚೆಕ್ ಬುಕ್ಕಿಗೆ ಮೊದಲೇ ಸಹಿ ಹಾಕಿಸಿಕೊಂಡಿದ್ದ. ವರ್ಷಕ್ಕೊಮ್ಮೆ ಹಬ್ಬಕ್ಕೆ ಒಂದಿಷ್ಟು ರೊಕ್ಕ ಕೊಟ್ಟರೆ ಲೆಕ್ಕ ಚುಕ್ತಾ.

ಕೆಲವರು ಕೇಳ್ತಾರ, 'ಬಿಡ್ರಿ ಸರ್, ಅವನಿಗೂ ಏನೋ ಸಿಗ್ತದಲ್ಲ' ಅಂತ. ಏನು ಸಿಗ್ತದ ನೋಡ್ರಿ. ಬಿಲ್ಲು ಆತನ ಹೆಸರಿಗೆ ಆಗ್ತದ, ಅಂದರೆ ಜಿಎಸ್‌ಟಿ, ಆದಾಯ ತೆರಿಗೆ ನೋಟಿಸ್ ಬಂದರೂ ಆತನಿಗೇ. ನಾಳೆ ರಸ್ತೆ ಕಿತ್ತು ಹೋದರೆ ಕಪ್ಪು ಪಟ್ಟಿಗೆ ಸೇರೋದು ಆತನ ಹೆಸರು. ಇನ್ನೊಂದು ಇದಕ್ಕಿಂತ ದೊಡ್ಡದು. ಸರ್ಕಾರದ ಲೆಕ್ಕದಲ್ಲಿ ಆ ಮೂರು ಕೆಲಸ ನಮ್ಮ ಪಾಲಿನಲ್ಲಿ ಕೊಟ್ಟಾಗ್ಯದ. 17.15 ಭರ್ತಿ ಅಂತ ಕಾಗದ ತೋರಿಸ್ತಾರ. ನಮ್ಮ ಹಕ್ಕನ್ನು ನಮ್ಮದೇ ಸಹಿಯಿಂದ ಮುಗಿಸಿಬಿಡ್ತಾರ.

ಆ ಹುಡುಗ ಟೋಕನ್ ವಾಪಸ್ ಕೇಳಿದ. ಕೊಡಲಿಲ್ಲ. ಹಳೆಯ ಸಹಿ ರದ್ದು ಮಾಡಿಸಿ ಹೊಸದು ತಗೊಂಡ, ಬ್ಯಾಂಕಿಗೆ ಹೋಗಿ ಚೆಕ್ಕು ತಡೆಸಿದ. ಅದಕ್ಕೆ ಬೆಲೆಯೂ ಕೊಟ್ಟ. ಆ ಕಡೆಯಿಂದ ಸಿಗ್ತಿದ್ದ ಗೌಂಡಿ ಕೆಲಸ ನಿಂತಿತು, ಕೈಗಡ ನಿಂತಿತು. ಸ್ವಂತ ಹಾಕಿದ ಎರಡು ಟೆಂಡರ್ ರೇಟು ಹೆಚ್ಚಾಗಿ ಹೋದವು. ಮೂರನೆಯದು, ಒಂದು ಸಣ್ಣ ರಿಪೇರಿ ಕೆಲಸ, ಸಿಕ್ಕದ. ಸಿಮೆಂಟಿಗೆ ರೊಕ್ಕ ಹೊಂದಿಸೋದು ಈಗಿನ ಚಿಂತೆ. ಎಕ್ಸೆಲ್ ಶೀಟು ಬಂಡವಾಳ ಕೊಡೋದಿಲ್ಲ, ಅದು ನನಗೂ ಗೊತ್ತು. ಆದರೆ ಯಾವ ಬಾಗಿಲು ತೆರೆದದ, ನಮ್ಮ ಹೆಸರು ಹೇಳಿ ಒಳಗೆ ಹೋದವರು ಯಾರು ಅನ್ನೋದನ್ನ ತೋರಿಸ್ತದ.

ಬರೀ ರಸ್ತೆ, ಚರಂಡಿ ಅಷ್ಟೇ ಅಲ್ಲ. ಹೊಲಿಗೆ, ಪೀಠೋಪಕರಣ, ಪ್ರಿಂಟಿಂಗ್ ಮಾಡೋ ಅಕ್ಕ-ತಂಗಿಯರೂ ಕೇಳ್ರಿ. ಕೇಂದ್ರ ಸರ್ಕಾರದ ಇಲಾಖೆ, ಕಂಪನಿಗಳು ತಮ್ಮ ಖರೀದಿಯ ನೂರಕ್ಕೆ 25ನ್ನು ಸಣ್ಣ ಉದ್ದಿಮೆಗಳಿಂದ ಮಾಡಬೇಕು. ಅದರಲ್ಲಿ 4 ಪರಿಶಿಷ್ಟರ ಉದ್ದಿಮೆಗೆ, 3 ಮಹಿಳೆಯರ ಉದ್ದಿಮೆಗೆ. 'ಉದ್ಯಮ್' ನೋಂದಣಿಗೆ ಒಂದು ಪೈಸೆ ಶುಲ್ಕ ಇಲ್ಲ. ಜೆಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಳ್ಳ್ರಿ.

ಲೈಸೆನ್ಸ್ ಇದ್ದವರು ಈ ವಾರ ಮೂರು ಕೆಲಸ ಮಾಡ್ರಿ. ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಇರೋ ಮೊಬೈಲ್ ನಂಬರ್ ನಿಮ್ಮದೇನಾ ನೋಡ್ರಿ. ಟೋಕನ್ ಎಲ್ಲಿದೆ ಕೇಳ್ರಿ. ನಿಮ್ಮ ಹೆಸರಿಗೆ ಎಷ್ಟು ಕೆಲಸ ಆಗ್ಯಾವ ಎಣಿಸ್ರಿ. ಗೊತ್ತಾಗದಿದ್ದರೆ ಇನ್‌ಬಾಕ್ಸಿಗೆ ಬರ್ರಿ, ಭಾನುವಾರ ಕೂತು ನೋಡೋಣ. ಬೇರೆ ತಾಲ್ಲೂಕಿನ ಗೆಳೆಯರಿಗೆ ಆ ಶೀಟು ಬೇಕಾದರೆ ಕಳಿಸ್ತೀನಿ, ನಿಮ್ಮೂರಿನ ಸ್ಪೆಲ್ಲಿಂಗ್ ಎಷ್ಟು ಥರ ಅದಾವು ಅಂತ ಮಾತ್ರ ನೀವೇ ಹುಡುಕಬೇಕು.

ಜೈ ಭೀಮ್.