ಕೊನೆಯ ಸಾಲಿನ ಸವಾರಿ

ರೋಲರ್ ಕೋಸ್ಟರಿನಲ್ಲಿ ಎಲ್ಲರಿಗೂ ಮುಂದಿನ ಸೀಟೇ ಬೇಕು. ಕಾಲೇಜು ಹುಡುಗರಂತೂ ಅದಕ್ಕಾಗಿ ಇನ್ನೊಂದು ರೌಂಡು ಕಾಯಲೂ ತಯಾರು. ಎದುರಿಗೆ ಯಾರ ತಲೆಯೂ ಅಡ್ಡ ಬರುವುದಿಲ್ಲ, ಫೋಟೊ ಚೆನ್ನಾಗಿ ಬೀಳುತ್ತದೆ, ಒಪ್ಪುತ್ತೇನೆ. ನಾನು ಮಾತ್ರ ದುಪಟ್ಟಾವನ್ನು ಬ್ಯಾಗಿಗೆ ತುರುಕಿ, ಬ್ಯಾಗನ್ನು ನಮ್ಮ ಮನೆಯವರ ಕೈಗೆ ತುರುಕಿ, ಸೀದಾ ಕೊನೆಯ ಸಾಲಿನ ಗೇಟಿಗೆ ಹೋಗಿ ನಿಲ್ಲುತ್ತೇನೆ. ಅಲ್ಲಿ ಪೈಪೋಟಿ ಕಡಿಮೆ. ಗೇಟು ಕಾಯುವ ಹುಡುಗ ನನ್ನ ನರೆಗೂದಲು ನೋಡಿ, “ಆಂಟಿ, ಬಿಪಿ ಗಿಪಿ ಏನೂ ಇಲ್ಲ ತಾನೇ?” ಎಂದು ಕೇಳುತ್ತಾನೆ. “ನನಗಿಲ್ಲಪ್ಪ, ಕೆಳಗೆ ಬ್ಯಾಗು ಹಿಡ್ಕೊಂಡು ಕೂತವರಿಗಿದೆ” ಅನ್ನುತ್ತೇನೆ. ಅವನು ನಕ್ಕು ಬಾಗಿಲು ತೆಗೆಯುತ್ತಾನೆ.

ಕೊನೆಯ ಸಾಲಿನ ಹುಚ್ಚಿಗೆ ಕಾರಣವಿದೆ. ಚೈನು ಎಳೆದೆಳೆದು ರೈಲನ್ನು ದಿಬ್ಬದ ನೆತ್ತಿಗೆ ತರುತ್ತದಲ್ಲ, ಆಗ ಮುಂದಿನ ಡಬ್ಬಿ ಆಚೆಗೆ ಬಾಗಿದರೂ ಹಿಂದಿನವು ಇನ್ನೂ ಏರುತ್ತಲೇ ಇರುತ್ತವೆ. ಅವುಗಳ ಭಾರಕ್ಕೆ ಮುಂದಿನವರು ಇಳಿಜಾರಿನ ಮೇಲೆ ಒಂದು ಗಳಿಗೆ ಜೋತುಬಿದ್ದು ಕೆಳಗಿನ ಲೋಕವನ್ನೆಲ್ಲ ನೋಡುತ್ತಾರೆ. ಅರ್ಧಕ್ಕಿಂತ ಹೆಚ್ಚು ರೈಲು ಆಚೆಗೆ ಹೊರಳಿತೋ, ಇನ್ನು ತಡೆಯುವವರಿಲ್ಲ. ಕೊನೆಯ ಡಬ್ಬಿ ನೆತ್ತಿಗೆ ಬರುವ ಹೊತ್ತಿಗೆ ಇಡೀ ರೈಲು ಅದನ್ನು ದರದರ ಎಳೆಯುತ್ತಿರುತ್ತದೆ. ಹಳಿ ಕೆಳಕ್ಕೆ ಬಾಗುತ್ತದೆ, ಮೈ ಮಾತ್ರ ಇನ್ನೂ ಮೇಲಕ್ಕೇ ಹೊರಟಿರುತ್ತದೆ. ಸೀಟಿಗೂ ನಮಗೂ ನಡುವೆ ಎರಡು ಬೆರಳಿನಷ್ಟು ಜಾಗ. ತೊಡೆಯ ಮೇಲಿನ ಕಂಬಿ ಹಿಡಿದು ನಿಲ್ಲಿಸುತ್ತದೆ, ಹೊಟ್ಟೆಯೊಳಗಿನದೆಲ್ಲ ಎಲ್ಲೋ ಮೇಲೆ ಉಳಿದುಬಿಡುತ್ತದೆ, ಕೂಗೋಣವೆಂದರೆ ಬಾಯಿಗೆ ಗಾಳಿ ಸಿಗುವುದಿಲ್ಲ. ಇದೆಲ್ಲ ಅರೆಕ್ಷಣ. ಆ ಅರೆಕ್ಷಣಕ್ಕಾಗಿ ನಾನು ಒಂದೂವರೆ ಗಂಟೆ ಕ್ಯೂ ನಿಲ್ಲಬಲ್ಲೆ. ಒಂದು ರೈಡು ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವಾಗ ನನ್ನ ತಕ್ಕಡಿಯೂ ಅದೇ. ಎಷ್ಟು ಎತ್ತರ, ಎಷ್ಟು ವೇಗ, ಎಷ್ಟು ಸಲ ತಲೆಕೆಳಗು ಎಂಬುದೆಲ್ಲ ಆಮೇಲೆ.

ಈ ಚಟ ಹತ್ತಿದ್ದು ಯಾವ ಪಾರ್ಕಿನಲ್ಲೂ ಅಲ್ಲ, ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಾದ್ದರಿಂದ ಆಸೆಯೂ ಎರಡು ವರ್ಷ ಕಾದು ಬಲಿತಿರುತ್ತಿತ್ತು. ದೇವಿಗೆ ಹಣ್ಣುಕಾಯಿ ಮಾಡಿಸಿ, ಅಮ್ಮ ಬಳೆಯಂಗಡಿಯಲ್ಲಿ ಚೌಕಾಸಿಗೆ ಕೂತದ್ದೇ ತಡ, ನಾವು ತೊಟ್ಟಿಲಿನ ಕಡೆ ಓಟ. ಆಗ ಮೋಟಾರಿಲ್ಲದ ಸಣ್ಣ ತೊಟ್ಟಿಲುಗಳೂ ಬರುತ್ತಿದ್ದವು. ಲುಂಗಿ ಎತ್ತಿಕಟ್ಟಿದ ಇಬ್ಬರು ಕಬ್ಬಿಣದ ಕಡ್ಡಿ ಹಿಡಿದು ಸರಸರನೆ ಮೇಲೇರಿ, ತಮ್ಮ ಮೈಭಾರದಿಂದಲೇ ಅದನ್ನು ತಿರುಗಿಸಿ, ನೆಲ ಹತ್ತಿರ ಬರುತ್ತಿದ್ದಂತೆ ಜಿಗಿದು ಮತ್ತೆ ಏರುತ್ತಿದ್ದರು. ಅವರ ಅಂಗೈ ನೋಡಿದ್ದೇನೆ, ತುಕ್ಕು ಮೆತ್ತಿ ಕೆಂಪಗಾಗಿರುತ್ತಿತ್ತು. ತೊಟ್ಟಿಲು ಮೇಲೇರುವಾಗ ನನಗೆ ಏನೂ ಅನಿಸುತ್ತಿರಲಿಲ್ಲ. ತುದಿ ಮುಟ್ಟಿ ಇಳಿಯಲು ಶುರುವಾದಾಗ ಮಾತ್ರ ಹೊಟ್ಟೆಯಲ್ಲಿ ಜುಂ ಎನ್ನುತ್ತಿತ್ತು. ಆಮೇಲೆ ಜಾತ್ರೆಗೆ ಕೊಲಂಬಸ್ ಬಂತು, ಬ್ರೇಕ್ ಡ್ಯಾನ್ಸ್ ಬಂತು, ಟೋರಾ ಟೋರಾ ಬಂತು. ಕೊಲಂಬಸ್ಸಿನಲ್ಲೂ ನಡುವೆ ಕೂತವರಿಗೆ ಉಯ್ಯಾಲೆಯ ಸುಖವಷ್ಟೇ, ಹಡಗಿನ ಎರಡು ತುದಿಗಳಲ್ಲಿ ಕೂತವರಿಗೇ ನಿಜವಾದ ಪ್ರಸಾದ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ತುದಿ ಸೀಟು ಬಿಟ್ಟುಕೊಡದ ದೊಡ್ಡಪ್ಪನ ಮಗ ಪರೋಕ್ಷವಾಗಿ ಕಲಿಸಿದ. ಹಲಗೆ ಬಾವಿಯೊಳಗೆ ಬೈಕು ಓಡಿಸುತ್ತ, ಕೈಬಿಟ್ಟು, ಜನ ಚಾಚಿದ ಹತ್ತು ರೂಪಾಯಿ ನೋಟು ಕಿತ್ತುಕೊಳ್ಳುವವರ ಆಟ ಮಾತ್ರ ನನಗೆ ಎಂದೂ ಹಿಡಿಸಲಿಲ್ಲ. ಅಲ್ಲಿ ಭಯ ಅವರದ್ದು, ಮಜಾ ನಮ್ಮದು. ಅದು ನನ್ನ ಲೆಕ್ಕಕ್ಕೆ ರೈಡೇ ಅಲ್ಲ.

ಬೀಳುವ ಸುಖವನ್ನು ಟಿಕೆಟ್ಟು ಕೊಟ್ಟು ಕೊಳ್ಳಬಹುದು ಎಂದು ಅಮೆರಿಕಕ್ಕೆ ತೋರಿಸಿದವನು ಲಾಮಾರ್ಕಸ್ ಥಾಂಪ್ಸನ್. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಅವನು ಕಟ್ಟಿದ ಸ್ವಿಚ್‌ಬ್ಯಾಕ್ ರೈಲ್ವೆ ನಮ್ಮ ಸೈಕಲ್ಲಿಗಿಂತ ಜೋರಾಗಿ ಓಡುತ್ತಿರಲಿಲ್ಲ, ಟಿಕೆಟ್ಟು ಐದು ಸೆಂಟ್. ಹೆಂಡದಂಗಡಿಗೆ ಹೋಗುವ ಜನಕ್ಕೆ ಮರ್ಯಾದಸ್ಥ ಮೋಜು ಸಿಗಲಿ ಎಂಬ ಸದುದ್ದೇಶವೂ ಅವನಿಗಿತ್ತಂತೆ. ಹನ್ನೊಂದೇ ವರ್ಷದಲ್ಲಿ ಅದೇ ಕಡಲತೀರದಲ್ಲಿ ಜನರನ್ನು ತಲೆಕೆಳಗೆ ತಿರುಗಿಸುವ ಫ್ಲಿಪ್ ಫ್ಲ್ಯಾಪ್ ಬಂತು. ಅದರ ಸುತ್ತು ಅಚ್ಚುಕಟ್ಟಾದ ವೃತ್ತ, ಅಲ್ಲೇ ಯಡವಟ್ಟು. ವೃತ್ತದೊಳಕ್ಕೆ ನುಗ್ಗುವ ಕ್ಷಣದಲ್ಲಿ ಇಡೀ ವೇಗ ಒಮ್ಮೆಲೇ ಕತ್ತಿನ ಮೇಲೆ ಬೀಳುತ್ತದೆ. ಜನ ಕತ್ತು ಹಿಡಿದುಕೊಂಡು ಮನೆಗೆ ಹೋದರು. ಸರಿಯಾದ ಉತ್ತರ ಬರಲು 1976ರವರೆಗೆ ಕಾಯಬೇಕಾಯಿತು. ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗಲ್ ಮತ್ತು ತಯಾರಕ ಆಂಟನ್ ಶ್ವಾರ್ಜ್‌ಕಾಫ್ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ‘ರೆವಲ್ಯೂಷನ್’ನಲ್ಲಿ ಸುತ್ತು ಕಣ್ಣೀರ ಹನಿಯ ಆಕಾರದ್ದು: ಕೆಳಗೆ ಅಗಲ, ಮೇಲೆ ಕಿರಿದು. ಕತ್ತು ಉಳಿಯಿತು. ಇಂದಿಗೂ ಯಾವ ಪಾರ್ಕಿನಲ್ಲಿ ಸುತ್ತು ಕಂಡರೂ ಗಮನಿಸಿ ನೋಡಿ, ಪೂರ್ಣ ವೃತ್ತ ಸಿಗುವುದು ಅಪರೂಪ. ಇನ್ನು ರೈಲು ದಿಬ್ಬದ ಮೇಲೆ ಹಾರಿಹೋಗದಂತೆ ಹಳಿಯ ಅಡಿಯಿಂದ ಹಿಡಿದುಕೊಳ್ಳುವ ಚಕ್ರ ಸುಮಾರು ನೂರು ವರ್ಷದ ಹಿಂದೆ ಜಾನ್ ಮಿಲ್ಲರ್ ತಲೆಯಲ್ಲಿ ಹುಟ್ಟಿದ್ದು. ನನ್ನ ಅರೆಕ್ಷಣಕ್ಕೆ ನಾನು ಯಾರಿಗಾದರೂ ಋಣಿಯಾಗಿದ್ದರೆ ಅದು ಈ ಮಿಲ್ಲರನಿಗೆ. ಆ ಚಕ್ರವಿಲ್ಲದಿದ್ದರೆ ಮೇಲಕ್ಕೆ ಹೊರಟ ಮೈ ಹಾಗೇ ಹೊರಟುಹೋಗುತ್ತಿತ್ತು.

ಕೋನಿ ಐಲೆಂಡಿನಲ್ಲಿ 1927ರ ‘ಸೈಕ್ಲೋನ್’ ಇನ್ನೂ ಓಡುತ್ತಿದೆ. ಮರದ ಕೋಸ್ಟರು, ಎತ್ತರ ಬರೀ 85 ಅಡಿ. ನ್ಯೂಜೆರ್ಸಿಯ ತಮ್ಮನ ಮನೆಗೆ ಹೋಗಿದ್ದಾಗ ಅವನನ್ನು ಕಾಡಿಸಿ ಹೋಗಿಬಂದೆ. ಏರುವಾಗ ಟಕ್ ಟಕ್ ಟಕ್ ಸದ್ದು, ಚೈನು ಕೈಕೊಟ್ಟರೆ ರೈಲು ಹಿಂದಕ್ಕೆ ಜಾರದಂತೆ ಹಿಡಿಯುವ ಕೊಕ್ಕೆಯ ಸದ್ದು ಅದು. ಈಚಿನ ದುಬಾರಿ ಕೋಸ್ಟರುಗಳಲ್ಲಿ ಆ ಸದ್ದನ್ನೇ ಅಡಗಿಸಿಬಿಟ್ಟಿದ್ದಾರೆ, ಅದು ದೊಡ್ಡ ಅನ್ಯಾಯ. ಮೊದಲ ಇಳಿಜಾರಿನಲ್ಲಿ ಮರದ ಕಟ್ಟಡ ಅಲುಗುತ್ತದೆ, ಅಲುಗಲೇಬೇಕು, ಹಾಗೆಂದೇ ಕಟ್ಟಿರುತ್ತಾರೆ. ತಮ್ಮ ಇಳಿದವನೇ ಸೊಂಟ ಹಿಡಿದುಕೊಂಡು, “ಅಕ್ಕಾ, ಇದಕ್ಕಿಂತ ನಮ್ಮ ಯಾಣದ ರಸ್ತೆ ವಾಸಿ” ಎಂದ. ಅವನಿಗೆ ಆ ಅರೆಕ್ಷಣ ಸಿಕ್ಕಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತಿದ್ದ.

ನಮ್ಮೂರ ಪಾರ್ಕುಗಳ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಮೈಸೂರು ರಸ್ತೆಯ ಬಿಡದಿ ಹತ್ತಿರ ವಂಡರ್‌ಲಾ ಶುರುವಾದದ್ದು 2005ರಲ್ಲಿ. ಅದಕ್ಕೂ ಬಹಳ ಮೊದಲು ಬೆಂಗಳೂರಿನ ಮಕ್ಕಳಿಗೆ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲೇ ದೊಡ್ಡ ಸಾಹಸ. ಕೊಚೌಸೆಫ್ ಚಿಟ್ಟಿಲಪಿಳ್ಳಿ ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಕಟ್ಟಿ, ಐದು ವರ್ಷದ ಬಳಿಕ ಇಲ್ಲಿಗೆ ಬಂದರು. ಬಿಡದಿಯ ‘ರಿಕಾಯ್ಲ್’ ಬಗ್ಗೆ ನನಗೂ ನನ್ನ ಅಕ್ಕನ ಮಗನಿಗೂ ನಿತ್ಯದ ಜಗಳ. ಅದು ಬೂಮರಾಂಗ್ ಜಾತಿಯದ್ದು. ರೈಲನ್ನು ಬೆನ್ನ ಕಡೆಯಿಂದ ಮೇಲಕ್ಕೆ ಎಳೆದು, ಮುಖ ನೆಲಕ್ಕೆ ಮಾಡಿ ತೂಗುಹಾಕಿ, ಕೈಬಿಡುತ್ತಾರೆ. ಮೂರು ಸಲ ತಲೆಕೆಳಗಾಗಿ ಆ ತುದಿಗೆ ಹೋಗಿ, ಅದೇ ದಾರಿಯಲ್ಲಿ ಹಿಮ್ಮುಖವಾಗಿ ಇನ್ನು ಮೂರು ಸಲ. ಜಗತ್ತಿನ ಕೋಸ್ಟರ್ ಅಭಿಮಾನಿಗಳಿಗೆ ಬೂಮರಾಂಗ್ ಎಂದರೆ ಅಷ್ಟಕ್ಕಷ್ಟೆ, ಎಲ್ಲೆಲ್ಲೂ ಅದೇ ಅಚ್ಚಿನದು, ಕಿವಿಯ ಪಕ್ಕದ ಪಟ್ಟಿಗೆ ತಲೆ ಬಡಿಯುತ್ತದೆ ಎಂಬ ದೂರು. ಅಕ್ಕನ ಮಗ ಆ ಪಕ್ಷ. ನಾನು ಹೇಳುವುದಿಷ್ಟೇ: ಕೈಬಿಡುವುದಕ್ಕೆ ಮುಂಚಿನ ಆ ಗಳಿಗೆಯಲ್ಲಿ, ಭುಜದ ಪಟ್ಟಿಯ ಮೇಲೆ ಇಡೀ ಮೈ ಒರಗಿ, ಕೆಳಗೆ ಸ್ಟೇಷನ್ನಿನ ತಗಡಿನ ಮಾಡು, ಚಪ್ಪಲಿ ಬಿಟ್ಟ ಗೂಡು ಕಾಣುವಾಗ ಆಗುವ ದಿಗಿಲನ್ನು ಎತ್ತರದ ಎಷ್ಟೋ ಕೋಸ್ಟರುಗಳು ಕೊಡಲಾರವು. ತಲೆ ಬಡಿಯುತ್ತದೆಯೇ? ತಲೆಯನ್ನು ಪಟ್ಟಿಗೆ ಒತ್ತಿ ಹಿಡಿದುಕೊಂಡರಾಯಿತು.

ಮುಂಬೈ–ಪುಣೆ ನಡುವಿನ ಖೋಪೋಲಿಯ ಇಮ್ಯಾಜಿಕಾದಲ್ಲಿರುವ ‘ನೈಟ್ರೋ’ ಬೇರೆ ಮಜಲು. ಸ್ವಿಟ್ಜರ್ಲೆಂಡಿನ ಬೊಲಿಗರ್ ಮತ್ತು ಮಾಬಿಯಾರ್ ಕಂಪನಿಯ ಕೈಕೆಲಸ. ಕಾಲಡಿ ನೆಲವೇ ಇಲ್ಲ, ಐದು ಸಲ ತಲೆಕೆಳಗು, ಆದರೂ ಎಲ್ಲೂ ಒಂದು ಕುಲುಕಿಲ್ಲ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತದೆ. ಅದೇ ನನ್ನ ತಕರಾರು. ಇಷ್ಟು ನಯವಾದರೆ ಭಯಪಡಲು ಪುರುಸೊತ್ತೇ ಸಿಗುವುದಿಲ್ಲ. ಎಂಜಿನಿಯರುಗಳಿಗೆ ನೂರಕ್ಕೆ ನೂರು ಕೊಟ್ಟು, ಮನಸ್ಸಿನಲ್ಲಿ ಎಪ್ಪತ್ತು ಬರೆದುಕೊಂಡೆ.

ಎತ್ತರದ ದಾಖಲೆಗಳ ಗತಿ ಏನಾಗುತ್ತದೆಂದು ನ್ಯೂಜೆರ್ಸಿಯ ‘ಕಿಂಗ್ಡಾ ಕಾ’ ತೋರಿಸಿಕೊಟ್ಟಿತು. 456 ಅಡಿ, ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿ.ಮೀ. ವೇಗ. 2005ರಿಂದ ಜಗತ್ತಿನ ಅತಿ ಎತ್ತರದ ಕೋಸ್ಟರು ಎಂದು ಮೆರೆಯಿತು, ಆಗಾಗ ಕೆಟ್ಟು ನಿಂತೂ ಹೆಸರು ಮಾಡಿತು. 2024ರ ನವೆಂಬರಿನಲ್ಲಿ, ಅದು ಕೊನೆಯ ಬಾರಿ ಓಡಿ ಮುಗಿದ ಮೇಲೆ, ಇನ್ನು ಇದು ಇಲ್ಲ ಎಂದು ಪಾರ್ಕಿನವರು ಪ್ರಕಟಿಸಿದರು. 2025ರ ಫೆಬ್ರವರಿ 28ರಂದು ಸಿಡಿಮದ್ದಿಟ್ಟು ಉರುಳಿಸಿದರು. ಕೊನೆಯ ಸವಾರಿಗೊಂದು ಅವಕಾಶವನ್ನೂ ಕೊಡಲಿಲ್ಲವಲ್ಲ ಎಂದು ಅಭಿಮಾನಿಗಳು ಕೆರಳಿದರು. ಕಬ್ಬಿಣದ ಕಂಬಕ್ಕೆ ಇಷ್ಟು ಗೋಳೇ ಎಂದು ನಗುವವರು ನಗಲಿ. 1984ರಲ್ಲಿ ಶುರುವಾಗಿ 2008ರಲ್ಲಿ ಬಾಗಿಲು ಹಾಕಿದ ದೆಹಲಿಯ ಅಪ್ಪು ಘರ್‌ನಲ್ಲಿ ಮೊದಲ ಸಲ ಕಿರುಚಿದವರನ್ನು ಕೇಳಿ ನೋಡಿ. ಆ ಜಾಗದಲ್ಲಿ ಈಗ ಸುಪ್ರೀಂ ಕೋರ್ಟಿನ ಹೆಚ್ಚುವರಿ ಕಟ್ಟಡವಿದೆ. ಅಲ್ಲೂ ಜನ ಮೇಲೆ ಕೆಳಗೆ ಆಗುತ್ತಿರುತ್ತಾರೆ, ಆದರೆ ಯಾರೂ ಖುಷಿಯಿಂದ ಕೂಗುವುದಿಲ್ಲ.

ರೈಡಿನ ಹುಚ್ಚಿದ್ದವರಿಗೆ ಪೇಪರಿನ ಸುದ್ದಿಯೂ ಬೇರೆಯಾಗಿ ಕಾಣುತ್ತದೆ. ಜಿಎಸ್‌ಟಿ ಬಂದಾಗ ಅಮ್ಯೂಸ್‌ಮೆಂಟ್ ಪಾರ್ಕಿನ ಟಿಕೆಟ್ಟಿಗೆ 28 ಪರ್ಸೆಂಟ್ ಹಾಕಿದ್ದರು; 2018ರ ಜನವರಿಯಲ್ಲಿ 18ಕ್ಕೆ ಇಳಿಸಿದರು. ನಾಲ್ಕು ಜನರ ಮನೆಯೊಂದು ವರ್ಷಕ್ಕೊಮ್ಮೆ ಹೋಗಿ ನೀರಾಟವಾಡುವುದನ್ನು ಐಷಾರಾಮವೆಂದು ನೋಡುವ ಕಣ್ಣು ನನಗೆ ಅರ್ಥವಾಗಲಿಲ್ಲ. ಇನ್ನು ಕನ್ನಂಬಾಡಿ ಅಣೆಕಟ್ಟೆಯ ವಿಷಯ. ಅಲ್ಲಿನ ಬೃಂದಾವನ ಉದ್ಯಾನವನ್ನು ಡಿಸ್ನಿಲ್ಯಾಂಡ್ ಮಾಡುತ್ತೇವೆ ಎಂದು 2018ರಲ್ಲಿ ಸರ್ಕಾರ ಹೊರಟಿತು, ಈಚೆಗೆ ಅಮ್ಯೂಸ್‌ಮೆಂಟ್ ಪಾರ್ಕಿನ ಮಾತು ಮತ್ತೆ ಎದ್ದಿತು, ಮಂಡ್ಯದ ರೈತರು ಬೇಡವೆಂದು ಬೀದಿಗಿಳಿದರು. ನಮ್ಮ ಮನೆಯಲ್ಲಿ ಎಲ್ಲರೂ ನಾನು ಪಾರ್ಕಿನ ಪರ ಎಂದುಕೊಂಡಿದ್ದರು. ಇಲ್ಲ, ನಾನು ರೈತರ ಪರ. ಅಣೆಕಟ್ಟೆಯ ಮಗ್ಗುಲಲ್ಲಿ ಕೋಸ್ಟರಿಗೆ ಅಡಿಪಾಯ ತೋಡುವ ಅಗತ್ಯ ಯಾರಿಗೂ ಇಲ್ಲ. ಅಣೆಕಟ್ಟೆ ತುಂಬಿ ನೀರಿನ ಮಟ್ಟ 124.80 ಅಡಿ ಮುಟ್ಟಿತು ಎಂಬ ಸುದ್ದಿ ಕೊಡುವ ರೋಮಾಂಚನವೇ ಆ ಊರಿಗೆ ಸಾಕು. ಪಾರ್ಕಿಗೆ ಮೈಸೂರು ರಸ್ತೆಯುದ್ದಕ್ಕೂ ಬೇಕಾದಷ್ಟು ಜಾಗವಿದೆ.

ಕೋಸ್ಟರು ಮಾರುವುದು ಸುರಕ್ಷಿತವಾದ ಭಯವನ್ನು. ಸುರಕ್ಷಿತ ಎಂಬ ಭಾಗವನ್ನು ಮಾಡುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಬೆಳಗ್ಗೆ ಗೇಟು ತೆರೆಯುವ ಮೊದಲೇ ಹಳಿಯುದ್ದಕ್ಕೂ ನಡೆದು ಬೋಲ್ಟು ನೋಡಿ ಇಳಿದಿರುತ್ತಾರೆ. ಅವರು ಕೈಬಿಟ್ಟರೆ ಏನಾಗುತ್ತದೆ? 2015ರ ಜೂನ್‌ನಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನ ‘ಸ್ಮೈಲರ್’ನಲ್ಲಿ, ಮುಂದಿನ ಭಾಗದಲ್ಲಿ ಖಾಲಿ ರೈಲೊಂದು ಸಿಕ್ಕಿಕೊಂಡಿದೆ ಎಂದು ಕಂಪ್ಯೂಟರು ಜನರಿದ್ದ ರೈಲನ್ನು ತಡೆದು ನಿಲ್ಲಿಸಿತು. ಕಂಪ್ಯೂಟರೇ ತಪ್ಪು ಎಂದುಕೊಂಡ ಎಂಜಿನಿಯರುಗಳು ಅದನ್ನು ಮೀರಿ ರೈಲು ಬಿಟ್ಟರು. ಹದಿನಾರು ಜನರಿದ್ದ ರೈಲು ಹೋಗಿ ಗುದ್ದಿತು, ಇಬ್ಬರು ಹುಡುಗಿಯರು ಒಂದೊಂದು ಕಾಲು ಕಳೆದುಕೊಂಡರು. ಕಂಪನಿಗೆ ಬಿದ್ದ ದಂಡ 50 ಲಕ್ಷ ಪೌಂಡ್. ನಮ್ಮಲ್ಲಿ 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗಾಡುವ ರೈಡಿನ ತೋಳೇ ಮುರಿದು ಇಬ್ಬರು ಸತ್ತರು. 2022ರಲ್ಲಿ ಮೊಹಾಲಿಯ ಮೇಳದಲ್ಲಿ ಜನರನ್ನು ಮೇಲೇರಿಸಿದ ಟವರ್ ರೈಡು ಧೊಪ್ಪನೆ ನೆಲಕ್ಕೆ ಬಿತ್ತು.

ಜಾತ್ರೆಯ ರೈಡುಗಳು ವಾರಕ್ಕೊಂದು ಊರಿನಲ್ಲಿ ಬಿಚ್ಚಿ ಕಟ್ಟುವಂಥವು. ಹತ್ತುವ ಮೊದಲು ನಾನು ಒಂದು ಸುತ್ತು ಹಾಕಿ ಬುಡ ನೋಡುತ್ತೇನೆ. ಮರದ ದಿಮ್ಮಿ ಸಮತಟ್ಟಾಗಿ ಕೂತಿದೆಯೇ, ಪಿನ್ನಿಗೆ ಕ್ಲಿಪ್ಪು ಇದೆಯೇ ಅಥವಾ ತಂತಿ ಸುತ್ತಿದ್ದಾರೆಯೇ, ಖಾಲಿ ಸುತ್ತು ಹೊಡೆಸುವಾಗ ಎಲ್ಲಾದರೂ ಕಿರುಗುಟ್ಟುತ್ತದೆಯೇ. ಮಾಲೀಕರು ಗುರಾಯಿಸುತ್ತಾರೆ, ಗುರಾಯಿಸಲಿ. ಅನುಮತಿ ಪತ್ರಕ್ಕೆ ಸೀಲು ಒತ್ತುವ ಅಧಿಕಾರಿಗಳು ಸ್ಪ್ಯಾನರ್ ಹಿಡಿದ ಒಬ್ಬ ಮೆಕ್ಯಾನಿಕಲ್ ಎಂಜಿನಿಯರನ್ನು ಕರೆತಂದು, ಮರಳುಚೀಲ ಕೂರಿಸಿ ಒಂದು ತಾಸು ತಿರುಗಿಸಿ ನೋಡಿದರೆ ಗಂಟು ಹೋಗುವುದೇನೂ ಇಲ್ಲ. ಪ್ರತಿ ಊರಿನ ಜಾತ್ರಾ ಸಮಿತಿ ಇದನ್ನು ಷರತ್ತಾಗಿ ಹಾಕಲಿ.

ನೀವೂ ಅಷ್ಟೇ. ಜಡೆ ಬಿಗಿಯಾಗಿ ಕಟ್ಟಿ, ಸೆರಗು ದುಪಟ್ಟಾ ಇಳಿಬಿಡಬೇಡಿ, ಮೊಬೈಲು ಕೆಳಗೇ ಇಟ್ಟುಹೋಗಿ. ಕೂತ ಮೇಲೆ ಕಂಬಿಯನ್ನು ನೀವೇ ಎರಡು ಸಲ ಎಳೆದು ನೋಡಿ. ಆಪರೇಟರು ಒಂದೊಂದೇ ಸೀಟಿಗೆ ಬಂದು ಕೈಯಿಂದ ಎಳೆದು ನೋಡದೆ, ದೂರದಿಂದಲೇ ಹೆಬ್ಬೆರಳೆತ್ತಿ ಸೀಟಿ ಊದಿದರೆ, ನಿಲ್ಲಿಸಲು ಕೂಗಿ ಇಳಿದುಬಿಡಿ. ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ.