ಮುಗಿಯುವ ಆಟ, ಮುಗಿಯದ ಆಟ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ದೊಡ್ಡವರನ್ನೇ ಮನೆಗೆ ಅಟ್ಟುವ ಬಿಸಿಲು. ಅಂಥ ಹೊತ್ತಿನಲ್ಲಿ ಮಕ್ಕಳಿಗೆ ‘ಫೋನ್ ಇಟ್ಟು ಹೊರಗ ಹೋಗಿ ಆಡ್ರಿ’ ಎನ್ನುವುದು ನ್ಯಾಯವಲ್ಲ. ಕಲಬುರಗಿಯ ಸೇಡಂ ರಸ್ತೆಯ ಉದ್ದಕ್ಕೂ ಆಸ್ಪತ್ರೆ, ಕಾಲೇಜು, ಬಡಾವಣೆ. ಆಡಲು ಎಲ್ಲಿಗೆ ಹೋಗಬೇಕು?

ಅದಕ್ಕೇ ಹುಡುಗರು ಮುಚ್ಚಿದ ಅಂಗಡಿಯ ಕಟ್ಟೆ ಹಿಡಿಯುತ್ತಾರೆ. ನಾಲ್ವರು ಕೂಡಿ ಫೋನಿನಲ್ಲಿ ಬಿಜಿಎಂಐ ಎಂಬ ಕಾಳಗದ ಆಟ ಆಡುವುದನ್ನು ನಿಂತು ನೋಡಿದ್ದೇನೆ. ಒಬ್ಬನ ಫೋನಿನ ಗಾಜು ಮೂಲೆಯಿಂದ ಮೂಲೆಗೆ ಬಿರಿದಿದೆ. ಅವನ ಹೆಬ್ಬೆರಳು ಬಿರುಕನ್ನು ತಪ್ಪಿಸಿಯೇ ಓಡುತ್ತದೆ. ಆಟದಲ್ಲಿ ಮೊದಲೇ ಸತ್ತವನು ಗೆಳೆಯನ ಹೆಗಲಿಗೆ ಗದ್ದ ಊರಿ, ‘ಲೇ, ಹಿಂದ ನೋಡ, ಗ್ವಾಡಿ ಹಿಂದ ನಿಂತಾನ!’ ಎಂದು ಕಣ್ಣಾಗುತ್ತಾನೆ. ಇದನ್ನು ಹಾಳು ಹರಟೆ ಎನ್ನಲು ನನಗೆ ಮನಸ್ಸಿಲ್ಲ. ಕೂಡಿ ಯೋಚಿಸುವುದು, ಸೋತವನನ್ನು ಬಿಡದಿರುವುದು ಅಲ್ಲಿ ಕಣ್ಣೆದುರೇ ನಡೆಯುತ್ತದೆ.

ಇದೇ ರಸ್ತೆಯ ಜಿಮ್ಸ್, ಇಎಸ್‌ಐಸಿ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ರುಚಿಸುವ ಸಂಗತಿಯೊಂದಿದೆ. 2007ರಲ್ಲಿ ಅಮೆರಿಕದ ಜೇಮ್ಸ್ ರಾಸರ್ ಮತ್ತು ಸಂಗಡಿಗರು 33 ಶಸ್ತ್ರವೈದ್ಯರ ಕುರಿತ ಅಧ್ಯಯನ ಪ್ರಕಟಿಸಿದರು. ಹಿಂದೆ ವಾರಕ್ಕೆ 3 ತಾಸಿಗಿಂತ ಹೆಚ್ಚು ವಿಡಿಯೊ ಗೇಮ್ ಆಡಿದ್ದವರು ಲ್ಯಾಪರೊಸ್ಕೋಪಿ ತರಬೇತಿಯಲ್ಲಿ ಶೇ 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಅಧ್ಯಯನ ಸಣ್ಣದು, ಆಟವೇ ಕಾರಣವೆಂದು ಅದರಿಂದ ಸಾಧಿಸಲಾಗದು. ಆದರೂ ನೆನಪಿಡಬೇಕಾದದ್ದು ಆ ‘ವಾರಕ್ಕೆ’ ಎಂಬ ಮಾತು. ಕಟ್ಟೆಯ ಮೇಲಿನ ಹುಡುಗರಿಗೆ ಅಷ್ಟು ಹೊತ್ತು ಒಂದೇ ಮಧ್ಯಾಹ್ನಕ್ಕೆ ಸಾಲದು.

ನಮ್ಮ ಕಡೆಯ ಬ್ಯಾಸಗಿ ಆಟವೆಂದರೆ ಚೌಕಾಬಾರ. ತಂಪಾದ ಶಹಾಬಾದ್ ಪರಸಿಯ ಮೇಲೆ ಸೀಮೆಸುಣ್ಣದ ಮನೆ, ಇಬ್ಭಾಗವಾದ ಹುಣಸೆ ಬೀಜ, ಬಳೆಚೂರಿನ ಕಾಯಿ. ಜಗಳ, ಮೋಸ, ಅಳು ಎಲ್ಲ ಇತ್ತು. ಆದರೆ ಕಾಯಿಗಳೆಲ್ಲ ಹಣ್ಣಾದರೆ ಆಟ ಮುಗಿಯುತ್ತಿತ್ತು, ಏಳಲೇಬೇಕು. ಫೋನಿನ ಆಟದಲ್ಲಿ ಒಂದು ಮ್ಯಾಚ್ ಮುಗಿದರೂ ಆಟ ಮುಗಿಯುವುದಿಲ್ಲ. ನಾಳೆ ಬಂದರೆ ಬಹುಮಾನ, ಬಾರದಿದ್ದರೆ ನಷ್ಟ, ಸೀಸನ್ ಮುಗಿಯುವಷ್ಟರಲ್ಲಿ ಇನ್ನೊಂದು ಸೀಸನ್. ಹಿಂಸೆಯ ಚಿತ್ರಗಳಿಗಿಂತ ನನಗೆ ಭಯವಾಗುವುದು ಏಳಲು ಬಿಡದ ಈ ಏರ್ಪಾಡಿನಿಂದ. ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿತು, ಒಳ್ಳೆಯದೇ ಆಯಿತು. ಆದರೆ ಹುಡುಗನ ನಿದ್ದೆ, ಪುಸ್ತಕ, ಊಟವನ್ನು ಪಣಕ್ಕೆ ಹಚ್ಚುವ ಆಟಕ್ಕೆ ಕಾನೂನು ಎಷ್ಟು ಅಡ್ಡ ಬಂದೀತು?

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿ 2022ರಿಂದ ಜಾರಿಯಲ್ಲಿದೆ. ಗೇಮಿಂಗ್ ವ್ಯಸನವನ್ನು ಅದು ಬರೀ ತಾಸಿನ ಲೆಕ್ಕದಲ್ಲಿ ಅಳೆಯುವುದಿಲ್ಲ. ಹಿಡಿತ ತಪ್ಪಿದೆಯೇ, ಉಳಿದದ್ದೆಲ್ಲ ಹಿಂದೆ ಸರಿದಿದೆಯೇ, ಹಾನಿ ಕಂಡರೂ ಆಟ ಮುಂದುವರಿದಿದೆಯೇ, ಸಾಮಾನ್ಯವಾಗಿ ವರ್ಷದುದ್ದಕ್ಕೂ ಹೀಗೇ ಇದೆಯೇ ಎಂದು ನೋಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದ ತಾಯಿ-ತಂದೆ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ.

ಅದಕ್ಕೂ ಮೊದಲು ಮನೆಯಲ್ಲೇ ಮಾಡಬಹುದಾದದ್ದುಂಟು. ಬಿಜಿಎಂಐನ ದೊಡ್ಡ ಮ್ಯಾಚಿಗೆ ಸುಮಾರು ಅರ್ಧ ತಾಸು. ನಡುವೆ ಫೋನ್ ಕಸಿದರೆ ಉಳಿದ ಮೂವರಿಗೆ ಕೈಕೊಟ್ಟ ಅವಮಾನ ಹುಡುಗನಿಗೆ ಉಳಿಯುತ್ತದೆ, ಸಿಟ್ಟು ಅಪ್ಪನ ಮೇಲೆ ತಿರುಗುತ್ತದೆ. ಪಕ್ಕದಲ್ಲಿ ಕೂತು, ‘ಯಾರು ಎಲ್ಲಿ ಅದಾರ, ನನಗೂ ತೋರಸು’ ಎಂದು ಕೇಳಿ, ಮ್ಯಾಚ್ ಮುಗಿದ ಮೇಲೆ ಕೈ ಚಾಚುವ ಅಪ್ಪನಿಗೆ ಫೋನ್ ಕೊಡುವುದು ಹುಡುಗನಿಗೂ ಅಷ್ಟು ಕಷ್ಟವಾಗಲಾರದು.