ಎಬೊ ಕಾಡಿನ ಹೊಸ ಮರ

ಸೀತಾಫಲವನ್ನರಿಯದವರು ನಮ್ಮಲ್ಲಿ ಯಾರೂ ಇರಲಾರರು. ಅದರ ಹೂವನ್ನು ನಿಂತು ನೋಡಿದವರೋ ಬಹು ವಿರಳ. ಎಲೆಯ ಮರೆಯಲ್ಲಿ ತಲೆತಗ್ಗಿಸಿ ತೂಗುವ, ಹಸುರು ಬೆರೆತ ಹಳದಿಯ, ದಪ್ಪನೆಯ ಎಸಳಿನ ಆ ಹೂವನ್ನು ಯಾರೂ ಮುಡಿಯುವುದಿಲ್ಲ. ದೇವರಿಗೆ ಏರಿಸುವುದೂ ಇಲ್ಲ. ಈ ನಿರಾಡಂಬರ ಕುಟುಂಬಕ್ಕೆ ಸೇರಿದ ಒಂದು ಮರವು ಆಫ್ರಿಕಾ ಖಂಡದ ಒಂದು ಕಾಡಿನಲ್ಲಿ 2022ನೆಯ ಇಸವಿಯವರೆಗೂ ಶಾಸ್ತ್ರದಲ್ಲಿ ಹೆಸರಿಲ್ಲದೆ ಬೆಳೆದುಕೊಂಡಿತ್ತು. ಅದರ ವೃತ್ತಾಂತವನ್ನೂ ಅದು ಬೆಳೆವ ನೆಲದ ವೃತ್ತಾಂತವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ಭೂಪಟದಲ್ಲಿ ಆಫ್ರಿಕಾದ ಪಶ್ಚಿಮ ತೀರವು ಗಿನಿ ಕೊಲ್ಲಿಯ ಬಳಿ ಒಳಕ್ಕೆ ಬಾಗಿದ ಮೂಲೆಯಲ್ಲಿ ಕ್ಯಾಮರೂನ್ ದೇಶವಿದೆ. ಅಲ್ಲಿನ ದೊಡ್ಡ ಬಂದರು ದುವಾಲಾ. ಅದರ ಈಶಾನ್ಯಕ್ಕೆ, ವೂರಿ ನದಿಯ ದಡದಲ್ಲಿ ಯಾಬಸ್ಸಿ ಎಂಬ ಊರುಂಟು. ಅದರಾಚೆಗೆ ಬೆಟ್ಟಗಳ ಮೇಲೆಯೂ ಕಣಿವೆಗಳಲ್ಲಿಯೂ ಹಬ್ಬಿರುವುದೇ ಎಬೊ ಅರಣ್ಯ. ಇದರ ವಿಸ್ತಾರ 1,500 ಚದರ ಕಿಲೋಮೀಟರಿಗೂ ಹೆಚ್ಚು. ಮೂರು ಕಿಲೋಗ್ರಾಮಿನವರೆಗೂ ತೂಗಬಲ್ಲ, ಜಗತ್ತಿನಲ್ಲಿಯೇ ಅತಿ ದೊಡ್ಡದಾದ ಕಪ್ಪೆಯು ಇಲ್ಲಿನ ಹೊಳೆಗಳಲ್ಲಿದೆ. ಗೊರಿಲ್ಲಗಳಿರುವುದು ವಿಜ್ಞಾನಿಗಳಿಗೆ ತಿಳಿದುದು 2002ರಲ್ಲಿ. ಚಿಂಪಾಂಜಿಗಳ ಸಂಗತಿಯಂತೂ ಮಕ್ಕಳಿಗೆ ಓದಿ ಹೇಳತಕ್ಕದ್ದು. ನಮ್ಮ ಹುಡುಗರು ಕಾಡುಬಾದಾಮಿಯ ಬೀಜವನ್ನು ಕಲ್ಲಿನಿಂದ ಜಜ್ಜುವಂತೆಯೇ ಅವು ಗಟ್ಟಿಯಾದ ಕಾಯಿಗಳನ್ನು ಕಲ್ಲಿನಿಂದ ಒಡೆದು ತಿನ್ನುವುವು. ಸಣ್ಣ ಕಡ್ಡಿಯನ್ನು ಗೆದ್ದಲಿನ ಹುತ್ತಕ್ಕೆ ತೂರಿಸಿ, ಅದನ್ನು ಕಚ್ಚಿಕೊಂಡು ಬಂದ ಗೆದ್ದಲುಗಳನ್ನು ನೆಕ್ಕುವುವು. ಈ ಎರಡು ವಿದ್ಯೆಗಳೂ ಒಂದೇ ಹಿಂಡಿಗೆ ತಿಳಿದಿರುವುದು ಬೇರೆಲ್ಲಿಯೂ ಕಂಡುಬಂದಿಲ್ಲವೆಂದು ಬಲ್ಲವರು ಬರೆದಿದ್ದಾರೆ.

ಕಾಡೆಂದೊಡನೆ ಮನುಷ್ಯರಿಲ್ಲದ ತಾವೆಂದು ಎಣಿಸಬಾರದು. ಇದು ಬನೆನ್ ಎಂಬ ಜನರ ಪೂರ್ವಿಕರ ಭೂಮಿ. 1960ರ ದಶಕದ ಅಂತಃಕಲಹದ ಕಾಲದಲ್ಲಿ ಅವರನ್ನು ಕಾಡಿನೊಳಗಿನ ಹಳ್ಳಿಗಳಿಂದ ಹೊರಗಟ್ಟಲಾಯಿತು. ಮನೆಗಳಿದ್ದೆಡೆ ಮರಗಳೆದ್ದವು, ಹಿರಿಯರ ಸಮಾಧಿಗಳು ಮಾತ್ರ ಅಲ್ಲಿಯೇ ಉಳಿದವು. ಅಂಚಿನ ಊರುಗಳಲ್ಲಿ ನೆಲಸಿದ ಅವರಿಗೆ ಔಷಧಿಯೂ ಆಹಾರವೂ ಇಂದಿಗೂ ಆ ಕಾಡಿನಿಂದಲೇ ದೊರೆಯುವುದು.

ಇನ್ನು ನಮ್ಮ ಮರದ ವಿಷಯ. ಅದು ಮಹಾವೃಕ್ಷವೇನೂ ಅಲ್ಲ. ಮೂರು ನಾಲ್ಕು ಮೀಟರ್ ಎತ್ತರ, ಅಂದರೆ ಹೆಚ್ಚೆಂದರೆ ಎರಡಾಳಿನಷ್ಟು. ದೊಡ್ಡ ಮರಗಳ ನೆರಳಿನಲ್ಲಿ ಸದಾ ಹಸುರಾಗಿ ನಿಂತಿರುವುದು. ಆದರೆ ಹೂಬಿಟ್ಟಾಗ ನೋಡಬೇಕು! ಹಲಸು ತನ್ನ ಕಾಂಡದಲ್ಲಿಯೇ ಕಾಯನ್ನು ಹೊರುವಂತೆ, ಈ ಮರವು ತನ್ನ ಹೂಗಳನ್ನು ಕಾಂಡದ ಮೇಲೆಯೇ ಗೊಂಚಲು ಗೊಂಚಲಾಗಿ ಹೊರುತ್ತದೆ. ಹೊಳಪುಳ್ಳ, ಹಳದಿ ಹಸುರಿನ ಹೂಗಳು. ಸೀತಾಫಲದ ಹೂವಿನಲ್ಲಿ ಎಸಳುಗಳ ಲೆಕ್ಕವು ಮೂರರಂತೆ ನಡೆದರೆ, ಇದರಲ್ಲಿ ಒಂದೇ ಸುತ್ತಿನಲ್ಲಿ ನಾಲ್ಕು ಎಸಳು, ಅವುಗಳ ಹೊರಗೆ ಎರಡು ಪುಷ್ಪಪತ್ರ. ಯುವೇರಿಯಾಪ್ಸಿಸ್ ಎಂಬ ಆಫ್ರಿಕಾದ ಜಾತಿಯ ಗುರುತೇ ಇದು. ಆ ಜಾತಿಯ ಉಳಿದ ಮರಗಳೊಡನೆ ಹೋಲಿಸಿದಾಗ, ಇದರಲ್ಲಿ ವ್ಯತ್ಯಾಸಗಳು ಕಂಡುಬಂದುವು. ಆದ್ದರಿಂದ ಇದು ಬೇರೆಯೇ ಪ್ರಭೇದವೆಂದು ನಿಶ್ಚಯವಾಯಿತು.

ಹೀಗೆ ನಿಶ್ಚಯಿಸುವುದು ಸುಲಭದ ಕೆಲಸವಲ್ಲ. ರೆಂಬೆಯನ್ನು ಕಾಗದಗಳ ನಡುವೆ ಅದುಮಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ದೊರೆತ ಸ್ಥಳವನ್ನೂ ದಿನವನ್ನೂ ಬರೆದು, ಸಸ್ಯಸಂಗ್ರಹಾಲಯದಲ್ಲಿರುವ ಹಳೆಯ ಹಾಳೆಗಳೊಡನೆ ಒಂದೊಂದಾಗಿ ಹೋಲಿಸಬೇಕು. ಹೊಸ ಹೆಸರು ಯಾವ ಹಾಳೆಯನ್ನು ಆಧರಿಸಿತೋ ಆ ಹಾಳೆಯೇ ಮುಂದೆ ಆ ಹೆಸರಿಗೆ ಸಾಕ್ಷಿ. 2011ರ ಕೊನೆಯವರೆಗೆ ವರ್ಣನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಯಲೇಬೇಕೆಂಬ ಕಟ್ಟಳೆಯೂ ಇತ್ತು. 2012ರಿಂದ ಇಂಗ್ಲಿಷು ಸಾಕಾಗಿದೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪಂಡಿತರೂ ಕ್ಯಾಮರೂನಿನ ಸಸ್ಯಶಾಸ್ತ್ರಜ್ಞರೂ ಕೂಡಿ 2022ರ ಜನವರಿಯಲ್ಲಿ ಈ ಮರಕ್ಕೆ ನಾಮಕರಣ ಮಾಡಿದರು. ಹೆಸರು: ಯುವೇರಿಯಾಪ್ಸಿಸ್ ಡಿಕಾಪ್ರಿಯೊ.

ಹೌದು, ಚಲನಚಿತ್ರನಟ ಲಿಯೊನಾರ್ಡೊ ಡಿಕಾಪ್ರಿಯೊ ಅವರ ಹೆಸರೇ. 2020ರ ಜುಲೈಯಲ್ಲಿ ಕ್ಯಾಮರೂನ್ ಸರ್ಕಾರವು ಎಬೊ ಕಾಡಿನ ಒಂದು ಭಾಗದಲ್ಲಿ ಮರ ಕಡಿಯಲು ಹಾದಿಮಾಡಿಕೊಡುವ ಆಜ್ಞೆಯನ್ನು ಹೊರಡಿಸಿತು. ಬನೆನ್ ಮುಖಂಡರೂ ವಿಜ್ಞಾನಿಗಳೂ ವಿರೋಧಿಸಿದರು. ಈ ನಟರು ತಮ್ಮ ಕೋಟ್ಯಂತರ ಅಭಿಮಾನಿಗಳಿಗೆ ಆ ಸುದ್ದಿಯನ್ನು ಮುಟ್ಟಿಸಿದರು. ಮರುತಿಂಗಳೇ ರಾಷ್ಟ್ರಾಧ್ಯಕ್ಷರು ಆಜ್ಞೆಯನ್ನು ರದ್ದುಮಾಡಿದರು. ಅದಕ್ಕೆ ಕೃತಜ್ಞತೆಯಾಗಿ ಈ ಹೆಸರು. ತಮ್ಮ ಹಿರಿಯರ ಸಮಾಧಿಗಳಿಗಾಗಿ ಮೊರೆಯಿಟ್ಟ ಬನೆನ್ ಜನರ ಹೆಸರನ್ನೇ ಈ ಮರಕ್ಕಿಟ್ಟಿದ್ದರೆ ಇನ್ನೂ ಒಪ್ಪುತ್ತಿತ್ತೆಂದು ನಮಗೆ ತೋರುವುದು. ಆದರೆ ಹಾಗಾಗಿದ್ದರೆ ದೇಶದೇಶಗಳ ಪತ್ರಿಕೆಗಳು ಒಂದು ಕಾಡುಮರದ ಸುದ್ದಿಯನ್ನು ಇಷ್ಟು ಆದರದಿಂದ ಅಚ್ಚುಮಾಡುತ್ತಿದ್ದುವೇ ಎಂಬುದೂ ಸಂದೇಹವೇ.

ಬರಿಯ ಹೆಸರಿನಿಂದ ಮರಕ್ಕೇನು ಲಾಭವೆಂದು ಕೇಳಬಹುದು. ಹೆಸರಿಲ್ಲದುದನ್ನು ಅಳಿಯುತ್ತಿರುವ ಸಸ್ಯಗಳ ಪಟ್ಟಿಯಲ್ಲಿ ಸೇರಿಸುವ ಬಗೆಯಿಲ್ಲ. ಪಟ್ಟಿಯಲ್ಲಿಲ್ಲದುದನ್ನು ಕಡಿದರೆ ಕೇಳುವವರಿಲ್ಲ. ಹೆಸರು ತಡವಾಗಿ ಬಂದ ನಿದರ್ಶನವೂ ಅದೇ ದೇಶದಲ್ಲಿದೆ. ನಮ್ಮ ಕರಿಬೇವು, ಬಿಲ್ವ, ನಿಂಬೆಗಳ ಕುಟುಂಬಕ್ಕೆ ಸೇರಿದ ಒಂದು ಮರದ ರೆಂಬೆಯನ್ನು 1951ರಲ್ಲಿ ಬಾಲಿ ಎನ್‌ಗೆಂಬಾ ಎಂಬ ಕಾಡಿನಿಂದ ತಂದು ಒಣಗಿಸಿಟ್ಟಿದ್ದರು. ಅದು ಹೊಸದೆಂದು ಗುರುತಿಸಿ ವೆಪ್ರಿಸ್ ಬಾಲಿ ಎಂದು ಹೆಸರಿಟ್ಟುದು 2018ರಲ್ಲಿ. ಅಷ್ಟರೊಳಗೆ ಆ ಕಾಡಿನ ಬಹುಭಾಗ ತೆರವಾಗಿತ್ತು; ಹುಡುಕಹೋದವರಿಗೆ ಮರವು ಮತ್ತೆ ಕಾಣಸಿಗಲಿಲ್ಲ. ತೊಟ್ಟಿಲು ಬರಿದಾದ ಮೇಲೆ ನಾಮಕರಣ ನಡೆದಂತಾಯಿತು.

ಎಬೊ ಕಾಡಿನ ಮರಕ್ಕೆ ಹಾಗಾಗಲಿಲ್ಲ. ಬದುಕಿರುವಾಗಲೇ ಹೆಸರು ಬಂದಿತು. ಹೆಸರಿನೊಡನೆಯೇ, ಅತ್ಯಂತ ಗಂಡಾಂತರದಲ್ಲಿರುವ ಪ್ರಭೇದವೆಂಬ ನಿರ್ಣಯವೂ ಬಂದಿತು. ಏಕೆಂದರೆ ವರ್ಣನೆ ಬರೆದ ಕಾಲಕ್ಕೆ ಅದು ಕಂಡುಬಂದಿದ್ದುದು ಆ ಕಾಡಿನ ಒಂದೇ ಒಂದು ತಾವಿನಲ್ಲಿ. ಮುಂದೆ 2023ರಲ್ಲಿ ಸರ್ಕಾರವು ಎಬೊ ಅರಣ್ಯದ ಒಂದು ಭಾಗವನ್ನು ಮತ್ತೆ ಮರ ಕಡಿಯುವ ವಲಯವೆಂದು ಗೊತ್ತುಪಡಿಸಿತು. ಬನೆನ್ ಹಿರಿಯರು ಮತ್ತೆ ತಮ್ಮ ಮನವಿಗಳನ್ನು ಕೈಗೆತ್ತಿಕೊಂಡರು.